ಅಪ್ಪನಿಗೆ ಅರವತ್ತು

ಸನತ್‌ನಗರ, ಹೈದರಾಬಾದ್
೩ ನವೆಂಬರ್ ೨೦೨೫

ಸಕಲ ಇಂಜೆಕ್ಷನ್ ವಿದ್ಯಾ ಪಾರಂಗತೆ, ಬೆಡ್‌ಪ್ಯಾನ್ ಪೀಠಾಧೀಶ್ವರಿ, ಖಮ್ಮಂ ಹಾಸ್ಟೆಲ್ ನಿವಾಸಿನಿ ಧನಶ್ರೀ ಅಕ್ಕನವರ ಸನ್ನಿಧಾನಕ್ಕೆ, ಬಿ.ಕಾಂ. ಮೊದಲ ವರ್ಷದ ಯಃಕಶ್ಚಿತ್ ತಂಗಿ ಮಾನಸಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಭಾನುವಾರ ಫೋನಿನಲ್ಲಿ ನೀನು "ಆರಾಮ ಅದೀನಿ, ಊಟ ಚಲೋ ಐತಿ" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ವಾರ್ಡನ್ ಮೇಡಂ ಸ್ಪೀಕರ್ ಹಾಕಿಸಿಕೊಂಡು ಎದುರಿಗೇ ಕೂತಿದ್ದಾರೆಂದು ಅಷ್ಟರಲ್ಲೇ ಗೊತ್ತಾಯಿತು. ಹುಡುಗಿಯರ ಮೊಬೈಲುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ನಿಮ್ಮ ಕಾಲೇಜಿಗೆ ಅಂಚೆಯವರು ಶಾಲು ಹೊದಿಸಬೇಕು. ಈ ಕಾಲದಲ್ಲಿ ಕಾಗದ ಬರೆಯುವವರು ಉಳಿದಿರುವುದು ಜೈಲಿನಲ್ಲಿ ಮತ್ತು ನರ್ಸಿಂಗ್ ಹಾಸ್ಟೆಲಿನಲ್ಲಿ.

ಇನ್ನು ರಾಜ್ಯಾಡಳಿತದ ವಿಷಯ. ನಿನ್ನ ಎರಡನೇ ವರ್ಷಕ್ಕೆ ಸ್ಕಾಲರ್‌ಶಿಪ್ ಮಂಜೂರಾಗಿದೆ. ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು. ಆಮೇಲೆ ಅಪ್ಪ ಅದನ್ನು ಫೀಸಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದರು. ಮೊಣಕಾಲ ತನಕ ಬಂತು. ಉಳಿದದ್ದನ್ನು ಡಿಸೆಂಬರ್ ಒಳಗೆ ಕಟ್ಟದಿದ್ದರೆ ಪರೀಕ್ಷೆ ಇಲ್ಲವೆಂದು ಕಾಲೇಜಿನಿಂದ ಮೆಸೇಜ್ ಬಂದಿದೆ. ಬ್ಯಾಂಕಿನವರು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, "ಪ್ರಾಪರ್ಟಿ ಕ್ಯಾ ಹೈ ಅಂಕಲ್?" ಎಂದರಂತೆ. ಅಪ್ಪ ನೀರು ಕುಡಿದು ಬಂದರು.

ಈ ಸಂಕಟದ ನಡುವೆ ಅವ್ವನಿಗೆ ಇನ್ನೊಂದು ಮದುವೆಯ ಕಾರ್ಡು ಬಂತು. ಮುಯ್ಯಿಗೆ ಹೊಸ ನೋಟು ಹುಡುಕುತ್ತಾ ಹೇಳಿದಳು: "ಈ ಊರಿಗೆ ಬಂದಾಗಿಂದ ಕನ್ನಡದ ಮಂದಿ ಯಾರ ಕಾರ್ಯಾನೂ ಬಿಟ್ಟಿಲ್ಲ. ಎಲ್ಲಾರಿಗೂ ಮುಯ್ಯಿ ಹಾಕೀವಿ. ನಮ್ಮನಿಯಾಗ ಒಂದ ಕಾರ್ಯ ಆಗಲಿಲ್ಲ, ಒಬ್ರೂ ತಿರುಗಿ ಹಾಕಲಿಲ್ಲ."

ಅಕ್ಕಾ, ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಹಣವೆಲ್ಲ ಬೇರೆಯವರ ಮನೆಯಲ್ಲಿ ಠೇವಣಿಯಾಗಿ ಕೂತಿದೆ! ತರಿಸಿಕೊಳ್ಳಲು ಒಂದು ಕಾರ್ಯ ಬೇಕು, ಅಷ್ಟೇ. ನನ್ನ ಮದುವೆ ಮಾಡೋಣವೆಂದರೆ ವರನಿಲ್ಲ. ಗೃಹಪ್ರವೇಶವೆಂದರೆ, ಇರುವ ಮನೆ ಮಾಲೀಕ ಮನೋಜನದು. ಆದ್ದರಿಂದ ಈ ಸಭೆ ಸರ್ವಾನುಮತದಿಂದ ನಿರ್ಣಯಿಸುವುದೇನೆಂದರೆ, ಅಪ್ಪನ ಅರವತ್ತರ ಶಾಂತಿ ಮಾಡತಕ್ಕದ್ದು. ಅವರಿಗೆ ಐವತ್ನಾಲ್ಕು ಎಂಬುದು ಸಣ್ಣ ಆಕ್ಷೇಪಣೆ. ಕಾರ್ಖಾನೆಯ ಭಟ್ಟಿ ಅವರ ತಲೆಯನ್ನು ನಲವತ್ತಕ್ಕೇ ಬೆಳ್ಳಗೆ ಮಾಡಿದೆ. ಸಾಕ್ಷಿ ತಲೆಯ ಮೇಲೇ ಇದೆ.

ನಿನ್ನ ಆಜ್ಞಾಧಾರಕಿ,
ಮಾನಸಾ

*

ಹಾಸ್ಟೆಲ್, ಖಮ್ಮಂ
೧೨ ನವೆಂಬರ್ ೨೦೨೫

ಮಾನಸಾ,

ನಿನ್ನ ಕಾಗದ ಓದಿ ಕೋಣೆಯವರೆಲ್ಲ ನಕ್ಕರು. ನಕ್ಕಾಯಿತು, ಇಲ್ಲಿಗೆ ಬಿಡು. ಅಪ್ಪನ ಮುಂದೆ ಇದನ್ನು ತಮಾಷೆಗೂ ಹೇಳಬೇಡ. ಫೀಸಿನ ಮಾತು ಬಂದರೆ ಅವರು ಊಟ ಅರ್ಧಕ್ಕೇ ಬಿಡುತ್ತಾರೆ, ನಿನಗೆ ಗೊತ್ತು.

ನನ್ನ ಚಿಂತೆ ಬೇಡ. ಕಾಲೇಜಿನವರು ಮೇಲೆ ಗಟ್ಟಿ, ಒಳಗೆ ಒಳ್ಳೆಯವರು. ಆಸ್ಪತ್ರೆಯ ಡ್ಯೂಟಿ ಶುರುವಾಗಿದೆ. ಗಂಡಸರ ವಾರ್ಡ್. ಬ್ಯಾಂಡೇಜ್ ಕಟ್ಟುವುದರಲ್ಲಿ ನನ್ನದೇ ಮೊದಲ ಕೈ ಎಂದು ಸಿಸ್ಟರ್ ಹೇಳಿದರು. ಓದಲು, ಬರೆಯಲು ಸಮಯ ಬೇಕಾದಷ್ಟು ಸಿಗುತ್ತದೆ.

ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕು. ನೀನು ಕಾಲೇಜು ತಪ್ಪಿಸಿ ಬೇಗಂಪೇಟೆ ಸುತ್ತಬೇಡ.

ಧನಶ್ರೀ

*

ಸನತ್‌ನಗರ
೨೪ ನವೆಂಬರ್ ೨೦೨೫

ಗಂಡಸರ ವಾರ್ಡಿನ ಮಹಾರಾಣಿಗೆ ವಂದನೆಗಳು.

ನಿನ್ನ ಆಜ್ಞೆ ತಲುಪುವಷ್ಟರಲ್ಲಿ ತಡವಾಗಿತ್ತು. ನಾನು ಹೇಳಿದ್ದು ತಮಾಷೆಗೇ. ಅಪ್ಪ ನಕ್ಕರು. ಅವ್ವ ನಗಲಿಲ್ಲ. ರೊಟ್ಟಿ ತಟ್ಟುವುದು ನಿಲ್ಲಿಸಿ, "ಯಾಕ ಆಗಬಾರದು?" ಎಂದಳು.

"ಹುಚ್ಚಿ ಅದಿ ಏನ? ಸುಳ್ಳು ಹೇಳಿ ಮಂದಿ ರೊಕ್ಕಾ ತಗೋಳ್ಳೂದಾ?" ಎಂದರು ಅಪ್ಪ.

"ಮಂದಿ ರೊಕ್ಕ ಯಾಕಾಕ್ಕೈತಿ? ನಮ್ಮದು. ನಾವು ಕೊಟ್ಟದ್ದು. ಇನ್ನ ಆರು ವರ್ಷಕ್ಕ ಹೆಂಗೂ ಬರ್ತಿತ್ತು, ಈಗ ಬರ್ಲಿ. ಆರು ವರ್ಷಕ್ಕ ಆಕಿ ಓದು ಎಲ್ಲಿರ್ತೈತಿ, ಹೇಳ್ರಿ ನೋಡೂಣು?"

ಅಪ್ಪ ಎರಡು ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಮೂರನೆಯ ದಿನ ಕ್ಷೌರ ಮಾಡಿಸಿಕೊಂಡು ಬಂದು, "ಭಟ್ಟರ ಮನಿಗೆ ಹೋಗಿ ಬರೂಣು ನಡಿ" ಎಂದರು.

ಆ ದೃಶ್ಯವನ್ನು ನೀನು ನೋಡಬೇಕಿತ್ತು. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿದು, ಹುಟ್ಟಿದ ವರ್ಷದ ಹೆಸರೇ ತಿರುಗಿ ಬಂದರೆ ಶಾಂತಿ. ನರಸಿಂಹ ಭಟ್ಟರು ಪಂಚಾಂಗ ತೆಗೆದು, "ಯಾವ ಸಂವತ್ಸರದಾಗ ಹುಟ್ಟೀರಿ ಪ್ರಹ್ಲಾದಪ್ಪ?" ಎಂದರು. ಅಪ್ಪ ಸತ್ಯಸಂಧರು, ವಿರೋಧಿಕೃತ್ ಎನ್ನಲು ಬಾಯಿ ತೆರೆದರು. ಅವ್ವ ನಡುವೆ ಬಂದು, "ವಿಶ್ವಾವಸು ರೀ. ನಮ್ಮತ್ತಿ ಹೇಳ್ತಿದ್ರು" ಎಂದಳು. ಅಜ್ಜಿ ಸ್ವರ್ಗದಲ್ಲಿರುವುದರಿಂದ ಮರುವಿಚಾರಣೆ ನಡೆಯಲಿಲ್ಲ. ಭಟ್ಟರು, "ಹಂಗಾದ್ರ ಇದ ವರ್ಷ. ಧನುರ್ಮಾಸ ಹಿಡಿಯೋದ್ರಾಗ ಮುಗಸ್ರಿ" ಎಂದು ಡಿಸೆಂಬರ್ ಏಳನೇ ತಾರೀಖು ಕೊಟ್ಟರು. ನಿನ್ನ ಕಾಲೇಜಿನ ಗಡುವೂ ಭಟ್ಟರ ಗಡುವೂ ಇಷ್ಟು ಚಂದ ಹೊಂದಿದ್ದನ್ನು ದೈವೇಚ್ಛೆ ಎನ್ನದೆ ಏನೆನ್ನಲಿ?

ಕಾರ್ಡು ಪ್ರಿಂಟಾಗಿದೆ. ಒಂದೇ ಭಿನ್ನಾಭಿಪ್ರಾಯ ಬಂತು. ಅಪ್ಪ ಒಂದು ಕಾರ್ಡನ್ನು ಪದ್ಮನಾಭ ಸಾರ್‌ಗೂ ಕೊಟ್ಟರು. ಅದೇ, ಕಾರ್ಖಾನೆಯಲ್ಲಿ ಕಾಂಟ್ರಾಕ್ಟರನ ಸೂಪರ್‌ವೈಸರ್. ಕೆಲಸದ ಮಂದಿ ಬೇಡವೆಂದು ನಾನು ಬಡಿದುಕೊಂಡೆ. "ದಿನಾ ಮಾರಿ ನೋಡೂ ಮನುಷ್ಯಾ. ಕರೀದಿದ್ರ ಹೆಂಗ?" ಎಂದರು. ನಮ್ಮ ಅಪ್ಪ ಸುಳ್ಳನ್ನೂ ಮರ್ಯಾದೆಯಿಂದಲೇ ಹೇಳಬೇಕೆನ್ನುವವರು.

ಮಾನಸಾ

*

ಸನತ್‌ನಗರ
೮ ಡಿಸೆಂಬರ್ ೨೦೨೫

ಶ್ರೀಮತ್ ಧನಶ್ರೀ ದೇವಿಯವರಿಗೆ ವಿಜಯಪತ್ರ!

ನಿನ್ನ ಫೀಸು ಇವತ್ತು ಬೆಳಿಗ್ಗೆ ನಿಮ್ಮ ಕಾಲೇಜಿನ ಖಾತೆಗೆ ಹೋಯಿತು. ಪೂರ್ತಿ.

ಹನುಮಪ್ಪನ ಗುಡಿಯ ಹಿಂದಿನ ಹಾಲ್ ತುಂಬಿತ್ತು. ಮಂದಿಗೆ ನಮ್ಮ ಮೇಲೆ ಇಷ್ಟು ಪ್ರೀತಿಯಿದೆಯೆಂದು ಗೊತ್ತಿರಲಿಲ್ಲ. ಪ್ರೀತಿಯೋ, ಹಳೆಯ ಮುಯ್ಯಿ ತೀರಿತೆಂಬ ನಿರಾಳವೋ. ಅವ್ವ ಹಸಿರು ಸೀರೆಯುಟ್ಟು ಎರಡನೇ ಸಲ ಮದುವಣಗಿತ್ತಿಯಾದಳು. ಅಪ್ಪ ತಾಳಿ ಕಟ್ಟುವಾಗ ಎರಡು ಸಲ ಗಂಟು ತಪ್ಪಿಸಿದರು. ಹಿಂದೆ ಕೂತ ಮುದುಕಿಯರು, "ಪಾಪ, ವಯಸ್ಸಾತು ನೋಡ" ಎಂದರು. ನಾನು ಮೂಲೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಸರಕಾರಿ ಕಂಪನಿಗಳಿಂದ ರಿಟೈರಾದ ಹಿರಿಯರೆಲ್ಲ ಅಪ್ಪನನ್ನು ತಮ್ಮ ಸಾಲಿಗೆ ಸೇರಿಸಿಕೊಂಡರು. "ಇನ್ನ ಆರಾಮ ಇರ್ರಿ ಪ್ರಹ್ಲಾದಪ್ಪ. ವಾಕಿಂಗು, ಪೇಪರು, ಪೆನ್ಶನ್ನು." ಅಪ್ಪ ಕಾಂಟ್ರಾಕ್ಟಿನವರೆಂಬುದು ಅವರಿಗೆ ಮರೆತೇ ಹೋಗಿದೆ. ಅಪ್ಪ ಕೈಮುಗಿದು ಹೂಂ ಹೂಂ ಎಂದರು.

ಕಾರ್ಖಾನೆಯಲ್ಲಿ ಅಪ್ಪನ ಪಕ್ಕದ ಲೇತ್ ಮಷಿನಿನ, ನಮ್ಮ ಕನ್ನಡದವರೇ ಆದ ಚಂದ್ರಾಮ ಕಾಕಾ ದೊಡ್ಡ ಕವರೇ ಕೊಟ್ಟರು. ಪದ್ಮನಾಭ ಸಾರ್ ಕವರಿನ ಜೊತೆ ಶಾಲು ತಂದಿದ್ದರು. ಹೋಳಿಗೆ ಮೂರು ಸಲ ಹಾಕಿಸಿಕೊಂಡು, "ಅರವತ್ತಾ! ನಂಬಲಾಗುತ್ತಾ ಇಲ್ಲ ಪ್ರಹ್ಲಾದ್ ಸಾಬ್!" ಎಂದು ತಮ್ಮ ತೆಲುಗು-ಕನ್ನಡದಲ್ಲಿ ಕೊಂಡಾಡಿ, ವೇದಿಕೆಯ ಬ್ಯಾನರಿನ ಮುಂದೆ ಅಪ್ಪನ ಜೊತೆ ಫೋಟೋ ತೆಗೆಸಿಕೊಂಡರು.

ಈಗ ಹೇಳು, ಈ ಮನೆಯಲ್ಲಿ ಬುದ್ಧಿವಂತರು ಯಾರು?

ಮಾನಸಾ ಚಕ್ರವರ್ತಿ

*

ಖಮ್ಮಂ
೨೦ ಡಿಸೆಂಬರ್ ೨೦೨೫

ಮಾನಸಾ,

ರಸೀದಿ ಕೊಟ್ಟರು. ಸೋಮವಾರದಿಂದ ನಾನು ವಾರ್ಡಿಗೆ ಹೋಗುತ್ತಿದ್ದೇನೆ.

ಹಸಿರು ಸೀರೆ, ಹೋಳಿಗೆ, ಬ್ಯಾನರು, ಎಲ್ಲ ಓದಿದೆ. ಹಾಲಿಗೂ ಅಡುಗೆಯವರಿಗೂ ಬ್ಯಾನರಿಗೂ ಕೊಟ್ಟದ್ದು ಯಾವ ಹಣ? ನನ್ನ ಹೆಸರಿನಲ್ಲಿ ನೀವು ಹಬ್ಬ ಮಾಡಿದಿರಿ. ಇಲ್ಲಿ ನಾನು ಒಬ್ಬಳೇ ಸಾರಿಗೆ ನೀರು ಬೆರೆಸಿಕೊಂಡು ಉಂಡೆ. ಅವ್ವನ ಎರಡನೇ ಮದುವೆಗೆ ಹಿರಿ ಮಗಳು ಎಲ್ಲಿ ಎಂದು ಯಾರಾದರೂ ಕೇಳಿದರೇ? ಅದನ್ನು ಬರೆದಿಲ್ಲ ನೀನು.

ಹೋದ ಭಾನುವಾರ ಅಪ್ಪ ಫೋನಿಗೆ ಬರಲಿಲ್ಲ. ಮಲಗಿದ್ದಾರೆ ಎಂದಳು ಅವ್ವ. ಅಪ್ಪ ಹಗಲು ಮಲಗಿದ್ದನ್ನು ನಾನು ಕಂಡಿಲ್ಲ. ಅರವತ್ತನ್ನು ನಿಜವೆಂದೇ ನಂಬಿಬಿಟ್ಟರೇನು?

ಧನಶ್ರೀ

*

ಸನತ್‌ನಗರ
೧೮ ಜನವರಿ ೨೦೨೬

ಅಕ್ಕಾ,

ಉತ್ತರ ತಡವಾದುದಕ್ಕೆ ಇಂಟರ್ನಲ್ ಪರೀಕ್ಷೆಗಳೇ ಕಾರಣವೆಂದು ಈ ಮೂಲಕ ಪ್ರಕಟಿಸುತ್ತೇನೆ. ನಾಂಪಲ್ಲಿಯ ಎಕ್ಸಿಬಿಷನ್ ಶುರುವಾಗಿದೆ. ನಾನೂ ಅಪ್ಪನೂ ಹೋಗಿದ್ದೆವು. ಅಪ್ಪ ಜಾಯಿಂಟ್ ವ್ಹೀಲ್ ಕೆಳಗೆ ನಿಂತು ಅದರ ಬೇರಿಂಗನ್ನೇ ಬಹಳ ಹೊತ್ತು ನೋಡಿದರು. ಏನೂ ಕೊಳ್ಳಲಿಲ್ಲ. ಹಿರಿಯ ನಾಗರಿಕರು ವಸ್ತುಗಳ ಮೋಹ ಬಿಟ್ಟಿದ್ದಾರೆ.

ಅವರಿಗೆ ಶಿಫ್ಟ್ ಬದಲಾಗಿದೆ. ಅದಕ್ಕೇ ಹಗಲು ನಿದ್ದೆ. ಎಲ್ಲ ಆರಾಮ.

ಮಾನಸಾ

*

ಖಮ್ಮಂ
೨೨ ಫೆಬ್ರವರಿ ೨೦೨೬

ಮಾನಸಾ,

ಒಂದು ತಿಂಗಳಾಯಿತು. ನಿನ್ನ ಅಷ್ಟೂ ಬಿರುದುಗಳು ಎಲ್ಲಿ ಹೋದವು? ಫೀಸು ಕಟ್ಟಿಬಿಟ್ಟರೆ ನನ್ನ ಬಾಬತ್ತು ಮುಗಿಯಿತೇ? ಅವ್ವನೂ ಫೋನಿನಲ್ಲಿ ಹೂಂ, ಹಾಂ ಅಷ್ಟೇ. ಅಪ್ಪ ಬರುವುದೇ ಇಲ್ಲ.

ನಿನಗೆ ಈಗ ಕಾಲೇಜು, ಗೆಳತಿಯರು. ಇರಲಿ. ಮೂರನೇ ವರ್ಷದ ಫೀಸಿನ ಸುತ್ತೋಲೆ ಹಚ್ಚಿದ್ದಾರೆ, ಹೆಚ್ಚಾಗಿದೆ. ಸ್ಕಾಲರ್‌ಶಿಪ್ ಹೆಚ್ಚಾಗಿಲ್ಲ. ಅಪ್ಪ ಓವರ್‌ಟೈಮ್ ಕೇಳಲಿ. ಇದನ್ನು ಬರೆಯಲು ನನಗೆ ನಾಚಿಕೆ. ಆದರೆ ನೀವು ಯಾರೂ ಕೇಳುತ್ತಿಲ್ಲವಾದ್ದರಿಂದ ನಾನೇ ಬರೆಯಬೇಕು.

ಧನಶ್ರೀ

*

ಸನತ್‌ನಗರ
೨೨ ಮಾರ್ಚ್ ೨೦೨೬

ಅಕ್ಕಾ,

ಯುಗಾದಿ ಆಯಿತು. ಶ್ರೀ ಪರಾಭವ ನಾಮ ಸಂವತ್ಸರದ ಶುಭಾಶಯಗಳು. ಹೆಸರು ನಾನಿಟ್ಟದ್ದಲ್ಲ, ಪಂಚಾಂಗದಲ್ಲೇ ಇದೆ.

ಅಪ್ಪನಿಗೆ ಶಿಫ್ಟ್ ಬದಲಾಗಿಲ್ಲ. ಕೆಲಸವೇ ಇಲ್ಲ. ಶಾಂತಿಯ ಮರುದಿನ, ನಾನು ವಿಜಯಪತ್ರವನ್ನು ಡಬ್ಬಿಗೆ ಹಾಕಿ ಬರುವಷ್ಟರಲ್ಲಿ ಮನೆಯಲ್ಲಿದ್ದರು, ಕೊರಳಲ್ಲಿ ಹಾರ. ನನಗೆ ನಗು ಬಂತು. "ಇದೇನಪ್ಪಾ, ಇನ್ನೂ ಮುಗಿದಿಲ್ಲೇನು ನಿನ್ನ ಮದುವಿ?" ಎಂದೆ.

ಗೇಟಿನಲ್ಲೇ ಪದ್ಮನಾಭ ಸಾರ್ ಹಾರ ಹಾಕಿದರಂತೆ. ಅರವತ್ತು ತುಂಬಿದ ಕಾಂಟ್ರಾಕ್ಟ್ ಮಂದಿಯನ್ನು ಮಷಿನ್ ಹತ್ತಿರ ಬಿಡುವ ಹಾಗಿಲ್ಲ, ಕಂಪನಿಯ ರೂಲು. "ಮುಬಾರಕ್ ಪ್ರಹ್ಲಾದ್ ಸಾಬ್! ಇನ್ನ ಆರಾಮ್ ಕರೋ" ಎಂದು ಗೇಟ್ ಪಾಸು ತಗೊಂಡರಂತೆ. ಮಂದಿ ಚಪ್ಪಾಳೆ ತಟ್ಟಿದರು. ತಮಗೆ ಐವತ್ನಾಲ್ಕೇ ಎಂದು ಹೇಳಲು ಅಪ್ಪ ಬಾಯಿ ತೆರೆದರು. ಪಕ್ಕದಲ್ಲಿ ಚಂದ್ರಾಮ ಕಾಕಾ ನಿಂತಿದ್ದರು, ಹಿಂದಿನ ದಿನ ದೊಡ್ಡ ಕವರ್ ಕೊಟ್ಟವರು. ಅಪ್ಪ ಬಾಯಿ ಮುಚ್ಚಿಕೊಂಡರು.

ಬೇರೆ ಕೆಲಸ ಹುಡುಕಲಿಲ್ಲವೇ ಎನ್ನಬೇಡ. ಸನತ್‌ನಗರದ ಯಾವ ಶೆಡ್ಡಿಗೆ ಹೋದರೂ ನಮ್ಮ ಹೋಳಿಗೆ ಉಂಡವನೊಬ್ಬ ಇರುತ್ತಾನೆ. "ಏನ್ರಿ ಹಿರಿಯರ, ಈ ವಯಸ್ಸಿನಾಗ ಯಾಕ ತ್ರಾಸು?" ಎಂದು ಕುರ್ಚಿ ಹಾಕಿ ಚಹಾ ಕೊಟ್ಟು ಕಳಿಸುತ್ತಾನೆ. ಮದುವೆಗಳಲ್ಲಿ ಅಪ್ಪನಿಗೆ ಈಗ ಮೊದಲ ಸಾಲು. ಅಕ್ಷತೆ ಹಾಕಲು ಅವರನ್ನೇ ಮೊದಲು ಕರೆಯುತ್ತಾರೆ.

ನೀನು ಓವರ್‌ಟೈಮ್ ಕೇಳು ಎಂದು ಬರೆದ ಕಾಗದವನ್ನು ನಾನು ಅವರಿಗೆ ತೋರಿಸಿಲ್ಲ.

ಮಾನಸಾ

*

ಖಮ್ಮಂ
೨೯ ಮಾರ್ಚ್ ೨೦೨೬

ಮಾನಸಾ,

ನಿನಗೆ ಮಾತ್ರ ಸುಳ್ಳು ಹೇಳಲು ಬರುತ್ತದೆಂದು ತಿಳಿಯಬೇಡ. ನವೆಂಬರಿನಲ್ಲಿ ನಾನು ಯಾವ ವಾರ್ಡಿಗೂ ಹೋಗಲಿಲ್ಲ. ಫೀಸು ಬಾಕಿ ಇದ್ದವರನ್ನು ಆಸ್ಪತ್ರೆಯ ಬಸ್ಸು ಹತ್ತಿಸುತ್ತಿರಲಿಲ್ಲ. ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರು. ನಾವು ನಾಲ್ಕು ಮಂದಿ ಆಫೀಸಿನ ಹೊರಗಿನ ಬೆಂಚಿನ ಮೇಲೆ, ಹೋಗಿ ಬರುವವರಿಗೆ ಕಾಣುವ ಹಾಗೆ. ಆ ಬೆಂಚಿನ ಮೇಲೆ ಕೂತೇ ನಿನಗೆ ಬ್ಯಾಂಡೇಜಿನ ಕಥೆ ಬರೆದೆ. ಇದು ಗೊತ್ತಾದರೆ ಅಪ್ಪ ಏನಾದರೂ ಮಾಡಿಕೊಂಡಾರು ಎಂದು ಹೇಳಲಿಲ್ಲ. ಹೇಳದೆಯೂ ಮಾಡಿಕೊಂಡರು.

ಅಪ್ಪನ ಶಾಲೆಯ ಸರ್ಟಿಫಿಕೇಟ್ ಟ್ರಂಕಿನಲ್ಲಿದೆ. ತಗೊಂಡು ಹೋಗಿ ಆ ಪದ್ಮನಾಭ ಸಾರ್ ಮುಖದ ಮುಂದೆ ಹಿಡಿಯಿರಿ. ಮಂದಿ ಏನಂದಾರು ಎಂಬುದು ಆಮೇಲೆ. ಒಲ್ಲೆ ಎಂದರೆ ನಾನು ಓದು ಬಿಟ್ಟು ಮನೆಗೆ ಬರುತ್ತೇನೆ. ಇದು ತಮಾಷೆಯಲ್ಲ.

ಧನಶ್ರೀ

*

ಸನತ್‌ನಗರ
೮ ಮೇ ೨೦೨೬

ಅಕ್ಕಾ,

ನಿನ್ನ ಕಾಗದವನ್ನು ಬೆಂಚಿನ ಭಾಗ ಬಿಟ್ಟು ಓದಿ ಹೇಳಿದೆ. ಅಪ್ಪ, "ಸರ್ಟಿಫಿಕೇಟ್ ತೋರಿಸಿದ್ರ ನೌಕರಿ ಬರ್ತೈತಿ. ಆಮ್ಯಾಲೆ ಚಂದ್ರಾಮನ ಮಗ್ಗಲಿಗೆ ಹೆಂಗ ನಿಂದ್ರಲಿ? ಮುಯ್ಯಿ ಹಾಕಿದವರ ಮನಿ ಮನಿಗೆ ಹೋಗಿ, ನಾ ಕಳ್ಳ ಅದೀನಿ ಅನ್ಲ್ಯಾ? ಅರವತ್ತಂದ್ರ ಅರವತ್ತು" ಎಂದರು. ಅವ್ವ ಈ ಸಲ ರೊಟ್ಟಿ ತಟ್ಟುವುದು ನಿಲ್ಲಿಸಲಿಲ್ಲ.

ಆದ್ದರಿಂದ ನಾನೇ ಕದ್ದು ತಗೊಂಡು ಹೋದೆ. ಪದ್ಮನಾಭ ಸಾರ್ ಗೇಟಿನ ಕ್ಯಾಬಿನ್ನಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನಾನು ಭಾಷಣ ತಯಾರಿ ಮಾಡಿಕೊಂಡಿದ್ದೆ. ತಪ್ಪು ನನ್ನದು, ಅಪ್ಪನದಲ್ಲ, ಮಂದಿಗೆ ಗೊತ್ತಾಗದ ಹಾಗೆ ಒಳಗೆ ತಗೊಳ್ಳಿ ಎಂದು. ಅವರು ಸರ್ಟಿಫಿಕೇಟನ್ನು ಮುಟ್ಟಲೂ ಇಲ್ಲ. ಕೈಗೆ ಬೇಳೆಯ ಪಪ್ಪು ಮೆತ್ತಿತ್ತು.

"ತೆಲುಸಮ್ಮಾ, ಗೊತ್ತೈತಿ" ಎಂದರು. "ಪಿ.ಎಫ್. ಕಾಗದದಾಗ ನಿಮ್ಮ ನಾನ್ನ, ಅಂದ್ರ ಅಪ್ಪ, ಹುಟ್ಟಿದ ಇಸವಿ ಮೊದಲಿಂದ ಐತಿ. ನಮಗ ಗೊತ್ತಿಲ್ಲಾ?"

"ಮತ್ತ ಯಾಕ ತೆಗೆದ್ರಿ ಸಾರ್?"

"ಹಳೇ ಮಂದೀನ ಕಮ್ಮಿ ಮಾಡು ಅಂದ್ರು ಮ್ಯಾಲಿನೋರು. ಹಳಬರಿಗೆ ಪಗಾರ ಜಾಸ್ತಿ. ಒಬ್ಬೊಬ್ಬನ್ನ ತೆಗಿಯಾಕ ಎಷ್ಟು ಝಗಡಾ, ಎಷ್ಟು ಯೂನಿಯನ್. ನಿಮ್ಮ ನಾನ್ನ ಒಬ್ರ ನೋಡು, ತಾವ ಕಾರ್ಡ್ ಪ್ರಿಂಟ್ ಮಾಡಿಸಿ ತಂದು ಕೈಯಾಗ ಕೊಟ್ರು. ಬಂಗಾರದಂಥ ಮನುಷ್ಯ."

ಅವರು ನನ್ನನ್ನು ಹಂಗಿಸಲಿಲ್ಲ, ಅಕ್ಕಾ. ಮನಸ್ಸಿನಿಂದಲೇ ಹೊಗಳಿದರು. ನಾನು ಸರ್ಟಿಫಿಕೇಟನ್ನು ಮಡಚಿ ಚೀಲಕ್ಕೆ ಹಾಕಿದೆ. ಅವರು ಕೈ ತೊಳೆದುಕೊಂಡು ಬಂದು, "ಪ್ಯಾಕಿಂಗ್‌ನಾಗ ಹುಡುಗೇರು ಬೇಕಾಗ್ಯಾರ. ನೀ ಬರ್ತೀಯೇನು?" ಎಂದರು.

ಬರ್ತೀನಿ ಎಂದೆ.

ಮನೆಯಲ್ಲಿ ಅಪ್ಪ, "ಪದ್ಮನಾಭ ಏನಂದ?" ಎಂದು ಕೇಳಿದರು. ನಾನು ಟ್ರಂಕ್ ತೆಗೆದದ್ದು ಅವರಿಗೆ ಗೊತ್ತಾಗಿತ್ತು. "ಸರ್ಟಿಫಿಕೇಟ್ ನಂಬಲಿಲ್ಲಪ್ಪಾ. ಪ್ರಹ್ಲಾದ್ ಸಾಬ್ ಸುಳ್ಳು ಹೇಳೂ ಮನುಷ್ಯಾ ಅಲ್ಲ, ಅರವತ್ತ ಖರೆ ಅಂದ್ರು" ಎಂದೆ. ಅಪ್ಪನ ಮುಖ ಎಷ್ಟೋ ತಿಂಗಳ ಮೇಲೆ ಸ್ವಲ್ಪ ಅರಳಿತು. ಸುಮ್ಮನೆ ಹೋದದ್ದಲ್ಲ ನೌಕರಿ, ಮರ್ಯಾದೆ ಉಳಿಸಿ ಹೋಯಿತು ಎಂದು ಅವರು ತಿಳಿದಿದ್ದಾರೆ. ಹಾಗೇ ತಿಳಿದಿರಲಿ. ನಿನ್ನ ಬಾಯಿಂದಲೂ ಇದು ಹೊರಗೆ ಬರಬಾರದು.

ಏಪ್ರಿಲ್‌ನಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಬಿ.ಕಾಂ. ಬಿಟ್ಟಿದ್ದಕ್ಕೆ ಕಾಲೇಜಿನವರು ಅತ್ತ ವರದಿಯಿಲ್ಲ. ಅಪ್ಪನಿಗೆ ಕೊಡುತ್ತಿದ್ದ ಪಗಾರದ ಅರ್ಧ ಕೊಡುತ್ತಾರೆ. ನಿನ್ನ ಮೂರನೇ ವರ್ಷ ಅದರಿಂದಲೇ ಆಗಬೇಕು, ಆಗುತ್ತದೆ. ನೀನು ಓದು ಬಿಟ್ಟು ಬಂದರೆ ನಾವೆಲ್ಲ ಇಷ್ಟು ಸುಳ್ಳು ಹೇಳಿದ್ದು ಯಾರಿಗಾಗಿ? ಬರಬೇಡ. ಥ್ಯಾಂಕ್ಸ್ ಎಂದೂ ಬರೆಯಬೇಡ, ಬರೆದರೆ ಓದದೆ ಹರಿದು ಹಾಕುತ್ತೇನೆ.

ಮೊದಲ ಪಗಾರ ಮಾತ್ರ ನಿನ್ನ ಫೀಸಿಗೆ ಸಿಗಲಿಲ್ಲ. ಪದ್ಮನಾಭ ಸಾರ್ ಹೊಸ ಮನೆ ಕಟ್ಟಿಸಿದ್ದಾರೆ, ಇವತ್ತು ಗೃಹಪ್ರವೇಶ. "ಅವರು ನಮ್ಮ ಕಾರ್ಯಕ್ಕ ಬಂದಾರ, ಮುಯ್ಯಿ ಹಾಕ್ಯಾರ. ಅವರು ಹಾಕಿದ್ದಕ್ಕಿಂತ ಕಮ್ಮಿ ಹಾಕಾಕ ಬರೂದಿಲ್ಲ" ಎಂದು ಅಪ್ಪ ಕೈ ಚಾಚಿದರು. ಕೊಟ್ಟೆ. ಕವರಿನ ಮೇಲೆ ದುಂಡಗೆ ತಮ್ಮ ಹೆಸರು ಬರೆದರು. ಆಮೇಲೆ ಅದರ ಕೆಳಗೆ ನನ್ನ ಹೆಸರನ್ನೂ ಬರೆದರು. ದುಡಿಯುವವರ ಹೆಸರು ಇರಬೇಕಂತೆ.

ಮಾನಸಾ